ಲೈಸೆನ್ಸ್ ಪುಸ್ತಕವೂ ಕ್ಯಾಸಲ್‌ರಾಕ್‌ನ ಕಾಡೂ

(ಗೋವಾದ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ರೇಡಿಯೊ ಬಗ್ಗೆ ಉಪನ್ಯಾಸ ಅಂದಕೂಡಲೇ ಕೃಷಿರಂಗ, ಬಿನಾಕಾ ಗೀತಮಾಲಾ, ಧಾರವಾಡದ ನಾಟಕಗಳು, ಇಂಥವೆಲ್ಲ ಬರುತ್ತವೆ ಎಂದು ನೀವು ಕಾದಿರಬಹುದು. ಅವುಗಳ ಬಗ್ಗೆ ಹೇಳಬಲ್ಲವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಇವತ್ತು ದುಡ್ಡಿನ ಮಾತು ಆಡುತ್ತೇನೆ. ರೇಡಿಯೊ ಕೇಳಲು ಈ ದೇಶದ ಜನ ಸುಮಾರು 6 ದಶಕ ಸರ್ಕಾರಕ್ಕೆ ಹಣ ಕಟ್ಟಿದರು. ಆ ಹಣವನ್ನು ಯಾರು ವಸೂಲು ಮಾಡಿದರು, ಅದು ಎಲ್ಲಿ ಹೋಯಿತು, ಕಟ್ಟಿದವನಿಗೆ ಏನು ದಕ್ಕಿತು? ಈ ಪ್ರಶ್ನೆಗಳಿಗೆ ಗೋವಾಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಇಲ್ಲಿರುವ ಅರವತ್ತು ದಾಟಿದವರಿಗೆ ಲೈಸೆನ್ಸ್ ಪುಸ್ತಕದ ನೆನಪಿರಬೇಕು. ಅಂಗೈಯಗಲದ ಪುಸ್ತಕ. ಅದರಲ್ಲಿ ಮಾಲೀಕನ ಹೆಸರು, ವಿಳಾಸ, ಸೆಟ್ಟಿನ ಕಂಪನಿ. ಒಳಪುಟಗಳಲ್ಲಿ ವರ್ಷಕ್ಕೊಂದರಂತೆ ಅಂಚೆ ಕಚೇರಿಯ ದುಂಡು ಮುದ್ರೆ. 1970ರ ದಶಕದಲ್ಲಿ ಮನೆಯ ರೇಡಿಯೊಗೆ ವರ್ಷಕ್ಕೆ 15 ರೂಪಾಯಿ. ಟಿವಿ ಬಂದ ಮೇಲೆ ಅದಕ್ಕೆ 50. ಹೋಟೆಲಿನವರು ಗಿರಾಕಿಗಳಿಗೆ ಹಾಡು ಕೇಳಿಸಬೇಕಾದರೆ ಬೇರೆಯೇ ದರ್ಜೆಯ ದುಬಾರಿ ಲೈಸೆನ್ಸ್. ಅಂಚೆ ಇಲಾಖೆಯ ಇನ್ಸ್‌ಪೆಕ್ಟರ್ ಮನೆಗೆ ಬಂದು ಪುಸ್ತಕ ಕೇಳಬಹುದಿತ್ತು. ಇಲ್ಲದಿದ್ದರೆ ದಂಡ ಹಾಕಬಹುದಿತ್ತು, ಸೆಟ್ಟನ್ನೇ ಜಪ್ತಿ ಮಾಡಬಹುದಿತ್ತು. ಇನ್ಸ್‌ಪೆಕ್ಟರ್ ಓಣಿಗೆ ಬಂದ ಸುದ್ದಿ ಬಂದರೆ ಸಾಕು, ರೇಡಿಯೊ ಅಟ್ಟ ಸೇರುತ್ತಿತ್ತು. ಆದರೆ ಮನೆಯ ಮೇಲಿನ ಜಾಲರಿ ಏರಿಯಲ್ಲು ಅಲ್ಲೇ ನಿಂತು ಚಾಡಿ ಹೇಳುತ್ತಿತ್ತು!

ಈ ಪುಸ್ತಕದ ಹುಟ್ಟು ಎಲ್ಲಿ? 1927ರ ಜುಲೈ 23ರಂದು ಮುಂಬೈಯಲ್ಲಿ, ಮರುತಿಂಗಳು ಕಲ್ಕತ್ತಾದಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಕಂಪನಿ ಪ್ರಸಾರ ಶುರುಮಾಡಿತು. ಕೇಳುಗನಿಗೆ ವರ್ಷದ ಲೈಸೆನ್ಸ್ 10 ರೂಪಾಯಿ. ಅದರಲ್ಲಿ ಶೇಕಡ 80 ಕಂಪನಿಗೆ, ಉಳಿದದ್ದು ಸರ್ಕಾರಕ್ಕೆ. ಜೊತೆಗೆ ವಿದೇಶದಿಂದ ಬರುವ ವೈರ್‌ಲೆಸ್ ಸಾಮಾನಿನ ಬೆಲೆಯ ಮೇಲೂ ಕಂಪನಿಗೆ ಒಂದು ಪಾಲಿತ್ತು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಲೈಸೆನ್ಸ್ ಪಡೆದವರು ಎಂಟು ಸಾವಿರದ ಆಸುಪಾಸಿನಲ್ಲೇ ನಿಂತರು. ಕೇಳುವವರು ಅದಕ್ಕಿಂತ ಹೆಚ್ಚೇ ಇದ್ದರು, ಕಟ್ಟುವವರು ಇರಲಿಲ್ಲ. 1930ರ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಏಪ್ರಿಲ್ 1ರಿಂದ ಸರ್ಕಾರ ಒಲ್ಲದ ಮನಸ್ಸಿನಿಂದ ಅದನ್ನು ಕೈಗೆತ್ತಿಕೊಂಡಿತು. ಒಲ್ಲದ ಮನಸ್ಸು ಎಂದೆ, ಯಾಕೆಂದರೆ ಮರುವರ್ಷವೇ ಅದನ್ನು ಮುಚ್ಚಿಬಿಡುವ ಆದೇಶ ಹೊರಡಿಸಿ, ಜನ ಗಲಾಟೆ ಮಾಡಿದ ಮೇಲೆ ಹಿಂತೆಗೆದುಕೊಂಡಿತು. ಇದೇ ಸಂಸ್ಥೆ 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಪಡೆಯಿತು.

ನಡುವೆ 1933ರಲ್ಲಿ ಬಂದ ಕಾನೂನು ಮುಖ್ಯ: ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಲೈಸೆನ್ಸ್ ಇಲ್ಲದೆ ರೇಡಿಯೊ ಉಪಕರಣವನ್ನು ಇಟ್ಟುಕೊಳ್ಳುವುದೇ ಈ ಕಾಯ್ದೆಯಡಿ ಅಪರಾಧವಾಗಿತ್ತು. ನೀವು ಕೇಳಿದಿರೋ ಇಲ್ಲವೋ, ಅದು ಕೆಟ್ಟು ಮೂಲೆಯಲ್ಲಿ ಬಿದ್ದಿದೆಯೋ, ಕಾಯ್ದೆಗೆ ಬೇಕಿರಲಿಲ್ಲ. ಮೊದಲ ತಪ್ಪಿಗೆ 100 ರೂಪಾಯಿವರೆಗೆ, ಮುಂದಿನದಕ್ಕೆ 250 ರೂಪಾಯಿವರೆಗೆ ದಂಡ. ಆ ಕಾಲದ 100 ರೂಪಾಯಿ ಅಂದರೆ ಒಬ್ಬ ಶಾಲಾ ಮಾಸ್ತರನ ಎಷ್ಟು ತಿಂಗಳ ಸಂಬಳ ಎಂದು ನೀವೇ ಲೆಕ್ಕ ಹಾಕಿ. ಹಾಗಾಗಿ ನಮ್ಮ ಲೈಸೆನ್ಸ್ ಪುಸ್ತಕ ಬಂದೂಕಿನ ಲೈಸೆನ್ಸಿನ ಸೋದರ. ಗ್ರಂಥಾಲಯದ ಸದಸ್ಯತ್ವದ ಚೀಟಿಗೂ ಇದಕ್ಕೂ ನಂಟಿಲ್ಲ. ಬ್ರಿಟನ್ನಿನಲ್ಲಿ 1922ರಿಂದ 10 ಶಿಲಿಂಗಿನ ಲೈಸೆನ್ಸ್ ಇತ್ತು. ಅಲ್ಲೂ ಅಂಚೆ ಕಚೇರಿಯೇ ವಸೂಲಿ ಮಾಡುತ್ತಿತ್ತು, ಅಲ್ಲೂ ಕಳ್ಳಗೇಳುಗರಿದ್ದರು. ಆದರೆ ಅಲ್ಲಿ ಆ ಹಣದ ಮೇಲೆ ಬಿಬಿಸಿ ನಿಂತಿತು. 'ನಮ್ಮ ದುಡ್ಡಿನಲ್ಲಿ ಇಂಥ ಕಾರ್ಯಕ್ರಮವೇ' ಎಂದು ಪತ್ರ ಬರೆಯುವ ಹಕ್ಕು ಕೇಳುಗನಿಗೆ ತನ್ನಿಂದ ತಾನೇ ಬಂತು. ಇಲ್ಲಿ ವಸೂಲಿಯ ಪದ್ಧತಿಯನ್ನಷ್ಟೇ ತಂದರು. ಆ ಹಕ್ಕು ಹಡಗು ಹತ್ತಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದರ ಹೆಸರೇ ಆಕಾಶವಾಣಿ. ಕೈಯಿಂದ ದುಡ್ಡು ಹಾಕಿ ನಡೆಸಿದರು. ಆಮೇಲೆ ಮೈಸೂರು ಪುರಸಭೆ ನೆರವಿಗೆ ಬಂತು. 1942ರಲ್ಲಿ ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿತು. ಒಬ್ಬ ಮೇಷ್ಟರ ಜೇಬು, ಒಂದು ಊರಿನ ಪುರಸಭೆ, ಒಂದು ಸಂಸ್ಥಾನದ ಖಜಾನೆ. ಊರಿನ ದೀಪಕ್ಕೆ, ನೀರಿಗೆ ಕೊಡುವ ಹಣದಿಂದಲೇ ಊರಿನ ದನಿಗೂ ಕೊಡಬಹುದು ಎಂದು ಒಂದು ಪುರಸಭೆಗೆ ತೋಚಿದ್ದು ದೊಡ್ಡ ಮಾತು. ದೆಹಲಿ ಆ ಕೇಂದ್ರವನ್ನು ತೆಗೆದುಕೊಂಡಿತು, ಮುಂದೆ ಆ ಹೆಸರನ್ನೂ ತೆಗೆದುಕೊಂಡಿತು. ಆ ಉಪಾಯವನ್ನು ಮಾತ್ರ ಮೈಸೂರಿನಲ್ಲೇ ಬಿಟ್ಟಿತು.

ಈಗ ಗೋವಾಕ್ಕೆ ಬರುತ್ತೇನೆ.

1946ರಲ್ಲಿ ಪಣಜಿಯಲ್ಲಿ ಪೋರ್ಚುಗೀಸ್ ಆಡಳಿತ ರೇಡಿಯೊ ಆರಂಭಿಸಿತು. ಎಮಿಸೊರಾ ದ ಗೋವಾ ಎಂದು ಅದರ ಹೆಸರು. ಜನ ಕರೆದದ್ದು ಗೋವಾ ರೇಡಿಯೊ ಎಂದು. ಪೋರ್ಚುಗೀಸ್ ಮಾತ್ರವಲ್ಲ, ಕೊಂಕಣಿ, ಮರಾಠಿ, ಇಂಗ್ಲಿಷ್, ಹಿಂದಿಯೂ ಅದರಲ್ಲಿ ಬರುತ್ತಿದ್ದವು. 1952ರಲ್ಲಿ ದೆಹಲಿಯಲ್ಲಿ ಬಿ. ವಿ. ಕೇಸ್ಕರ್ ಮಂತ್ರಿಯಾಗಿ ಬಂದು ಆಲ್ ಇಂಡಿಯಾ ರೇಡಿಯೊದಿಂದ ಸಿನಿಮಾ ಹಾಡುಗಳನ್ನು ಹೊರಗಟ್ಟಿದರಲ್ಲ, ಆಗ ಜನ ಮುಳ್ಳು ತಿರುಗಿಸಿದ್ದು ಮುಖ್ಯವಾಗಿ ರೇಡಿಯೊ ಸಿಲೋನಿಗೆ, ಈ ಭಾಗದಲ್ಲಿ ಗೋವಾಕ್ಕೂ. ಭಾರತ ಸರ್ಕಾರಕ್ಕೆ ಲೈಸೆನ್ಸ್ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು, ಕೇಳಿದ್ದು ಕೊಲಂಬೊ ಮತ್ತು ಪಣಜಿಯನ್ನು! ಕೇಸ್ಕರರ ಸಂಗೀತದ ಅಭಿರುಚಿಯನ್ನು ನಾನು ಹಾಸ್ಯ ಮಾಡುವುದಿಲ್ಲ. ಹಿಂದೂಸ್ತಾನಿ, ಕರ್ನಾಟಕ ಸಂಗೀತಗಾರರಿಗೆ ಸಂಬಳದ ಒಲೆ ಹೊತ್ತಿಸಿದವರು ಅವರೇ. ಆದರೆ ಕೇಳುಗ ಕೊಟ್ಟ ಹಣಕ್ಕೂ ಕೇಳುಗನ ಇಷ್ಟಕ್ಕೂ ಸಂಬಂಧವೇ ಇಲ್ಲ ಎಂಬುದು ಆಗ ಬಯಲಾಯಿತು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬಂದದ್ದು ಲೈಸೆನ್ಸುದಾರರ ಅರ್ಜಿಯಿಂದಲ್ಲ, ಸಿಲೋನಿನ ಪೈಪೋಟಿಯಿಂದ.

ಇನ್ನು ಇದೇ ಆಕಾಶದಲ್ಲಿ ಮೂರನೆಯ ದನಿಯೊಂದು ಕೇಳಿಸಿತು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಭಾರತ ಗಡಿ ಮುಚ್ಚಿತು. ಮರ್ಮಗೋವಾದಿಂದ ಘಟ್ಟ ಹತ್ತಿ ಲೋಂಡಾ, ಹುಬ್ಬಳ್ಳಿಗೆ ಹೋಗುತ್ತಿದ್ದ ರೈಲೂ ನಿಂತಿತು. ಗೋವಾದ ಒಳಗೆ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಬಂದೀಖಾನೆ ತುಂಬಿತ್ತು. ಹೊರಗಿನ ಸುದ್ದಿ ಒಳಗೆ ಹೋಗುವ ದಾರಿಯೇ ಇರಲಿಲ್ಲ. ಆಗ ಗೋವಾದ ಇಬ್ಬರು ತರುಣರು, ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ, ಸಾವಂತವಾಡಿ ಮೇಲಿನ ಅಂಬೋಲಿ ಘಟ್ಟದ ಕಾಡಿನಲ್ಲಿ ಗುಪ್ತ ರೇಡಿಯೊ ಹೂಡಿದರು. ಅದರ ಯಂತ್ರದ ಕಥೆಯೇ ಚೆನ್ನ. 1954ರಲ್ಲಿ ದಾದ್ರಾ, ನಗರ ಹವೇಲಿ ವಿಮೋಚನೆಯಾದಾಗ ಪೋರ್ಚುಗೀಸರು ಬಿಟ್ಟೋಡಿದ ವೈರ್‌ಲೆಸ್ ಸೆಟ್ಟುಗಳನ್ನೇ ಬಿಚ್ಚಿ ಕಟ್ಟಿ ಟ್ರಾನ್ಸ್‌ಮಿಟರ್ ಮಾಡಿದ್ದು. ಅವರ ಯಂತ್ರದಿಂದಲೇ ಅವರಿಗೆ ಉತ್ತರ. 1955ರ ನವೆಂಬರ್ 25ರಂದು ಪ್ರಸಾರ ಮೊದಲಾಯಿತು. ಕೊಂಕಣಿಯಲ್ಲಿ 'ಗೋಂಯಚೆ ಸೊಡವಣೆಚೊ ಆವಾಜ್', ಪೋರ್ಚುಗೀಸಿನಲ್ಲಿ 'ವೋಜ್ ದ ಲಿಬರ್ದಾದ್'.

ಆಮೇಲೆ ಆ ಕೇಂದ್ರ ನಮ್ಮ ಕ್ಯಾಸಲ್‌ರಾಕ್‌ಗೆ ಬಂತು. ಕ್ಯಾಸಲ್‌ರಾಕ್ ಇರುವುದು ಇಂದಿನ ಜೋಯಿಡಾ ತಾಲ್ಲೂಕಿನಲ್ಲಿ. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲೆ ಇದು ಗಡಿಯ ನಿಲ್ದಾಣ, ಘಟ್ಟದ ಕೆಳಗೆ ಕುಳೆ ಪೋರ್ಚುಗೀಸರದು. ದೂಧ್‌ಸಾಗರ ನೋಡಲು ಹೋಗುವವರು ಇವತ್ತು ಆ ನಿಲ್ದಾಣದಲ್ಲಿ ಚಹಾ ಕುಡಿದು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಆ ಕಾಡು ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಅಲ್ಲಿ ಒಂದು ರಾತ್ರಿ ತಂಗಿದವರಿಗೆ ಹೇಳಬೇಕಿಲ್ಲ: ಎಡೆಬಿಡದ ಮಳೆ, ಕಾಲಿಗೆ ಹತ್ತುವ ಇಂಬಳ, ಎಲ್ಲದಕ್ಕೂ ಬೂಸು. ಅಂಥಲ್ಲಿ ಯಂತ್ರವನ್ನು ಒಣಗಿಸಿಟ್ಟುಕೊಂಡು, ದಿನಾ ಸುದ್ದಿ ಸಂಗ್ರಹಿಸಿ, ಎರಡು ಭಾಷೆಗಳಲ್ಲಿ ಬರೆದು, ತಾವೇ ಓದಬೇಕು. ಭಾರತದ ಸಂಸತ್ತಿನಲ್ಲಿ ಆಡಿದ ಮಾತು, ಗೋವಾದ ಚಳವಳಿಗಾರರ ಸುದ್ದಿ, ಆಫ್ರಿಕಾದ ಪೋರ್ಚುಗೀಸ್ ವಸಾಹತುಗಳ ಸುದ್ದಿ, ಪೋರ್ಚುಗೀಸ್ ರೇಡಿಯೊ ಹಬ್ಬಿಸಿದ ಸುಳ್ಳಿಗೆ ಜವಾಬು. ಒಂದು ದಿನ, ಒಂದು ವಾರವಲ್ಲ. 1961ರ ಡಿಸೆಂಬರ್‌ವರೆಗೆ, ಆರು ವರ್ಷ. 1942ರಲ್ಲಿ ಮುಂಬೈಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ನಡೆಸಿದ ಕಾಂಗ್ರೆಸ್ ರೇಡಿಯೊ ಮೂರು ತಿಂಗಳೂ ಬದುಕಲಿಲ್ಲ. ಆದರೂ ನಮ್ಮ ಮಕ್ಕಳಿಗೆ ಅದರ ಹೆಸರು ಗೊತ್ತು. ಕ್ಯಾಸಲ್‌ರಾಕ್ ರೇಡಿಯೊ ಹೆಸರು ಕರ್ನಾಟಕದ ಎಷ್ಟು ಪಠ್ಯಪುಸ್ತಕಗಳಲ್ಲಿದೆ ಎಂದು ಹುಡುಕಿ ನೋಡಿ. ಲಿಬಿಯಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನೂರು ತುಂಬಿದ ಮೇಲೆ. ವಾಮನ ಸರದೇಸಾಯಿಯವರಿಗೆ 1992ರಲ್ಲೇ ಬಂದಿತ್ತು.

ಇಲ್ಲಿ ನನ್ನ ವಿಷಯಕ್ಕೆ ಬೇಕಾದ ಒಂದು ಕೊಂಕು ಇದೆ. 1949ರಲ್ಲಿ ಅದೇ 1933ರ ಕಾಯ್ದೆಗೆ ತಿದ್ದುಪಡಿ ತಂದು, ಲೈಸೆನ್ಸ್ ಇಲ್ಲದ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಸೆರೆಮನೆ ಎಂದು ಮಾಡಿದ್ದರು. ಕಾಗದದ ಪ್ರಕಾರ ಹೋದರೆ, ಕಾಡಿನಲ್ಲಿ ಗುಪ್ತ ಟ್ರಾನ್ಸ್‌ಮಿಟರ್ ಹೂಡಿದವರು ಆ ಕಲಮಿನ ಕೆಳಗೇ ಬರಬೇಕು. ಸರ್ಕಾರ ಕಣ್ಣು ಮುಚ್ಚಿಕೊಂಡಿತು, ಮುಚ್ಚಿಕೊಂಡದ್ದು ಸರಿಯೇ. ಆದರೆ ಅದೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡದ ಓಣಿಗಳಲ್ಲಿ ಒಂದು ಮರ್ಫಿ ಸೆಟ್ಟಿನ ಲೈಸೆನ್ಸ್ ತಪ್ಪಿದವನು ದಂಡ ಕಟ್ಟಬೇಕಿತ್ತು. ಅಂದರೆ ಪ್ರಸಾರ ಜನರ ಹಕ್ಕು ಎಂದು ಸರ್ಕಾರಕ್ಕೆ ಬೇಕಾದಾಗ ಅರ್ಥವಾಗುತ್ತಿತ್ತು.

1961ರ ಡಿಸೆಂಬರ್ 18ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೊಳಿಯ ರೇಡಿಯೊ ಕೇಂದ್ರವನ್ನು ಹೊಡೆದವು. ಎಮಿಸೊರಾ ಮೌನವಾಯಿತು. 19ರಂದು ಪೋರ್ಚುಗೀಸರು ಶರಣಾದರು. ಕ್ಯಾಸಲ್‌ರಾಕ್‌ನ ಇಬ್ಬರು ಭಾರತೀಯ ವಾಯುಪಡೆಯ ವಿಮಾನ ಹತ್ತಿ, ಧ್ವನಿವರ್ಧಕದಲ್ಲಿ ಗೋವಾದ ಮೇಲೆಲ್ಲ ವಿಮೋಚನೆಯ ಸುದ್ದಿ ಸಾರಿದರು, ಕರಪತ್ರ ಚೆಲ್ಲಿದರು. ಪಣಜಿಯಲ್ಲಿ ಬಹುಬೇಗ ಆಲ್ ಇಂಡಿಯಾ ರೇಡಿಯೊ ಮಾತಾಡತೊಡಗಿತು. ಭಾರತದ ಅಂಚೆ ಬಂತು, ಅಂಚೆಯ ಬೆನ್ನಿಗೆ ಭಾರತದ ಕಾನೂನುಗಳು ಬಂದವು, ಕಾನೂನಿನ ಬೆನ್ನಿಗೆ ಲೈಸೆನ್ಸ್ ಪುಸ್ತಕವೂ ಬಂತು. ವಿಮೋಚನೆಯ ದನಿಯನ್ನು ಬಿಟ್ಟಿಯಾಗಿ ಕೇಳಿದ ಗೋವಾದವರು ವಿಮೋಚನೆಯ ನಂತರ ಕೇಳುವುದಕ್ಕೆ ಅಂಚೆ ಕಚೇರಿಯಲ್ಲಿ ಸಾಲು ನಿಂತರು.

ಹಾಗಂತ ಪಣಜಿ ಕೇಂದ್ರ ಕೊಟ್ಟದ್ದು ಸಣ್ಣದಲ್ಲ. ಕೊಂಕಣಿಗೆ ಇಲ್ಲಿ ರಾಜಭಾಷೆಯ ಪಟ್ಟ ಸಿಕ್ಕಿದ್ದು 1987ರಲ್ಲಿ, ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿದ್ದು 1992ರಲ್ಲಿ. ಅದಕ್ಕೆಷ್ಟೋ ವರ್ಷ ಮೊದಲೇ ಅಲ್ತಿನ್ಹೊ ಗುಡ್ಡದ ಮೇಲಿನ ಕೇಂದ್ರ ಕೊಂಕಣಿಯಲ್ಲಿ ಸುದ್ದಿ ಓದುತ್ತಿತ್ತು, ನಾಟಕ ಆಡಿಸುತ್ತಿತ್ತು. ಶಾಲೆಯಲ್ಲಿ ಕಲಿಸದ ಭಾಷೆ ರೇಡಿಯೊದಲ್ಲಿ ಗದ್ಯ ಕಲಿಯಿತು. ಧಾರವಾಡ ಕೇಂದ್ರ ನಮಗೆ ಮಾಡಿದ್ದೂ ಇದನ್ನೇ. 1950ರ ಜನವರಿ 8ರಂದು ಶುರುವಾದ ಆ ಕೇಂದ್ರಕ್ಕೆ ಬೇಂದ್ರೆಯವರು ಹತ್ತು ವರ್ಷ ಸಲಹೆಗಾರರಾಗಿದ್ದರು. ಲೇಖಕ ಎನ್ಕೆ ಅಲ್ಲೇ ದುಡಿದರು. ಮಂಗಳೂರಿನಲ್ಲಿ ತುಳು, ಮಡಿಕೇರಿಯಲ್ಲಿ ಕೊಡವ. ಈ ಭಾಷೆಗಳಿಗೆ ಜಾಹೀರಾತುದಾರ ಸಿಗುವುದಿಲ್ಲ, ಸಿಕ್ಕರೂ ಅರ್ಧ ಗಂಟೆಗೆ ಸಿಕ್ಕಾನು. ಸಾರ್ವಜನಿಕ ಹಣವಿಲ್ಲದೆ ಇವು ಗಾಳಿಯಲ್ಲಿ ಉಳಿಯುವುದಿಲ್ಲ. ನಾನು ಶುಲ್ಕದ ಪ್ರಶ್ನೆಯನ್ನು ಇಷ್ಟು ಕೆದಕುತ್ತಿರುವುದು ಇದಕ್ಕೇ.

ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಮೂರು ಲಕ್ಷಕ್ಕಿಂತ ಕಡಿಮೆ ರೇಡಿಯೊಗಳಿದ್ದವು. ಟ್ರಾನ್ಸಿಸ್ಟರ್ ಬಂತು; 1970ರ ದಶಕದ ಮೊದಲ ವರ್ಷಗಳಲ್ಲಿ ಲೈಸೆನ್ಸುಗಳೇ ಕೋಟಿ ದಾಟಿದ್ದವು. ಕುರಿ ಕಾಯುವವನ ಹೆಗಲಿಗೂ ರೇಡಿಯೊ ಬಂದ ಮೇಲೆ ಯಾವ ಇನ್ಸ್‌ಪೆಕ್ಟರ್ ಯಾವ ಬಯಲಿನಲ್ಲಿ ಪುಸ್ತಕ ಕೇಳಿಯಾನು? ಮೊದಲು ಸಣ್ಣ ಸೆಟ್ಟುಗಳಿಗೆ ವಿನಾಯಿತಿ ಕೊಟ್ಟರು. 1985ರ ಹೊತ್ತಿಗೆ ರೇಡಿಯೊ, ಟಿವಿ ಎರಡರ ಲೈಸೆನ್ಸೂ ಹೋಯಿತು. ಯಾರೂ ಕಣ್ಣೀರು ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಕಿರುಕುಳದ ಪದ್ಧತಿ ಅದು. ಬಡವನ ಸೆಟ್ಟಿಗೂ ಸಾಹುಕಾರನ ಸೆಟ್ಟಿಗೂ ಬಹುತೇಕ ಒಂದೇ ದರ.

ಆದರೆ ಪುಸ್ತಕದ ಜೊತೆಗೆ ಇನ್ನೊಂದು ಹೋಯಿತು. ಮುದ್ರೆ ಬಿದ್ದ ಆ ಪುಟ ಕೇಳುಗನ ಕೈಯಲ್ಲಿದ್ದ ಒಂದೇ ಒಂದು ರಸೀದಿ. 'ನಾನು ಕೊಟ್ಟಿದ್ದೇನೆ, ಲೆಕ್ಕ ಹೇಳಿ' ಎಂದು ಕೇಳಲು ಆಧಾರ. ಅದಿದ್ದಾಗ ನಾವು ಕೇಳಲಿಲ್ಲ. ಈಗ ಕೇಳಲು ಅದಿಲ್ಲ. ಇಂದಿಗೂ ಹಣ ನಮ್ಮದೇ, ತೆರಿಗೆಯ ರೂಪದಲ್ಲಿ ಹೋಗುತ್ತದೆ. ಎಷ್ಟು ಎನ್ನುವುದನ್ನು ವರ್ಷವರ್ಷ ಸಚಿವಾಲಯ ತೀರ್ಮಾನಿಸುತ್ತದೆ. ಹಣ ಕೊಡುವ ಕೈಗೆ ಮುನಿಸು ಬರದ ಹಾಗೆ ಸುದ್ದಿ ಓದಬೇಕಾದ ಕಷ್ಟವನ್ನು ಆಕಾಶವಾಣಿಯ ನಿವೃತ್ತರು ಖಾಸಗಿಯಾಗಿ ಎಷ್ಟು ಬೇಕಾದರೂ ಹೇಳುತ್ತಾರೆ.

ಇದಕ್ಕೆ ಮದ್ದು ಹುಡುಕಿದವರಿಲ್ಲ ಎಂದಲ್ಲ. 1966ರಲ್ಲಿ ಚಂದಾ ಸಮಿತಿ ರೇಡಿಯೊ ಮತ್ತು ಟಿವಿಗೆ ಬೇರೆ ಬೇರೆ ನಿಗಮಗಳಾಗಲಿ ಎಂದಿತು. ತುರ್ತು ಪರಿಸ್ಥಿತಿಯ ಕಹಿಯ ನಂತರ 1978ರಲ್ಲಿ ಬಿ. ಜಿ. ವರ್ಗೀಸ್ ಸಮಿತಿ 'ಆಕಾಶ ಭಾರತಿ' ಎಂಬ ಸ್ವಾಯತ್ತ ಸಂಸ್ಥೆಯ ಯೋಜನೆ ಕೊಟ್ಟಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಆಯಿತು. ಜಾರಿಗೆ ಬರಲು 1997ರವರೆಗೆ ಕಾಯಬೇಕಾಯಿತು. ಆ ಕಾಯ್ದೆಯ 17ನೇ ಕಲಮನ್ನು ಓದಿ. ರೇಡಿಯೊ ಲೈಸೆನ್ಸ್ ಶುಲ್ಕವೇನಾದರೂ ಇದ್ದರೆ, ವಸೂಲಿ ಖರ್ಚು ಕಳೆದು ಅದನ್ನು ನಿಗಮಕ್ಕೆ ಕೊಡತಕ್ಕದ್ದು ಎಂದಿದೆ. ಶುಲ್ಕ ರದ್ದಾಗಿ ಐದು ವರ್ಷವಾದ ಮೇಲೆ ಬರೆದ ಕಾಯ್ದೆ! ಇಲ್ಲದ ಹಣವನ್ನು ಕಾನೂನು ಹೆಸರಿಟ್ಟು ಬರೆದುಕೊಟ್ಟಿತು. ಇರುವ ಹಣವನ್ನು ಮಾತ್ರ ಸರ್ಕಾರಕ್ಕೆ ಅಗತ್ಯ ಕಂಡಷ್ಟು ಎಂದು ಅದರ ಮರ್ಜಿಗೆ ಬಿಟ್ಟಿತು. ನಮ್ಮ ಸಾರ್ವಜನಿಕ ಪ್ರಸಾರದ ಸ್ಥಿತಿಯನ್ನು ಇಷ್ಟು ಚೊಕ್ಕವಾಗಿ ಹೇಳುವ ಇನ್ನೊಂದು ದಾಖಲೆ ನನಗೆ ಕಂಡಿಲ್ಲ.

ಹಾಗಾದರೆ ಮತ್ತೆ ಲೈಸೆನ್ಸ್ ತರೋಣವೇ? ಬೇಡ. ಗೋವಾವನ್ನು ಬಿಟ್ಟುಹೋದ ಪೋರ್ಚುಗಲ್ ತನ್ನ ದೇಶದಲ್ಲಿ ಪ್ರಸಾರದ ವಂತಿಗೆಯನ್ನು ಕರೆಂಟ್ ಬಿಲ್ಲಿನ ಜೊತೆ ವಸೂಲು ಮಾಡುತ್ತದೆ. ನಮ್ಮಲ್ಲಿ ಅದಕ್ಕೂ ಕೈಹಾಕಬೇಕಿಲ್ಲ. ಹೆಸ್ಕಾಂ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸುತ್ತೇವೆಂದರೆ ನಾನೇ ಮೊದಲು ಬೀದಿಗಿಳಿಯುತ್ತೇನೆ. ಬೇರೆ ಮೂಲ ಇದೆ. ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಆ ತರಂಗಗಳನ್ನೇ ಸರ್ಕಾರ ಖಾಸಗಿ ಎಫ್‌ಎಂ ಕಂಪನಿಗಳಿಗೆ ಹರಾಜು ಹಾಕುತ್ತದೆ; 2005ರ ನೀತಿಯ ಪ್ರಕಾರ ಅವು ತಮ್ಮ ವರಮಾನದಲ್ಲಿ ಶೇಕಡ 4ರಷ್ಟನ್ನು ವರ್ಷವರ್ಷ ಕಟ್ಟುತ್ತ ಬಂದಿವೆ. ಹಿಂದೆ ಕೇಳುಗ ಲೈಸೆನ್ಸ್ ಕಟ್ಟುತ್ತಿದ್ದ, ಈಗ ಕೇಳಿಸುವವರು ಕಟ್ಟುತ್ತಾರೆ. ಆಸ್ತಿ ನಮ್ಮದಾದರೆ ಬಾಡಿಗೆಯ ಒಂದು ಪಾಲು ನಮ್ಮ ರೇಡಿಯೊಗೆ ಬರಬೇಕು. ಮಂತ್ರಿಯ ದಯೆಯಿಂದಲ್ಲ, ಕಾಯ್ದೆಯಲ್ಲೇ ಬರೆದ ಪ್ರಮಾಣದಲ್ಲಿ. 17ನೇ ಕಲಮಿನಲ್ಲಿ ಇಲ್ಲದ ಶುಲ್ಕದ ಹೆಸರನ್ನು ಹೊಡೆದುಹಾಕಿ ಈ ಪಾಲನ್ನು ಬರೆದರೆ ಸಾಕು. ಹೊಸ ತೆರಿಗೆ ಬೇಡ, ಇನ್ಸ್‌ಪೆಕ್ಟರೂ ಬೇಡ.

ಕೊನೆಗೆ ನಿಮ್ಮ ವಿಷಯ. ವಾಸ್ಕೊ, ಬೈನಾ, ಜುವಾರಿನಗರದಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದಿಂದ ಬಂದವರ ಎರಡು ಮೂರು ತಲೆಮಾರು ಬೆಳೆದಿವೆ. ಈ ಊರಿನ ರಸ್ತೆ, ಬಂದರು, ಕಟ್ಟಡಗಳಲ್ಲಿ ನಿಮ್ಮ ಬೆವರಿದೆ. ಇಲ್ಲಿ ನೀವು ಕೊಳ್ಳುವ ಪ್ರತಿ ಸಾಮಾನಿನ ಮೇಲೆ ತೆರಿಗೆ ಕೊಡುತ್ತೀರಿ. ಹಾಗಾಗಿ ಪಣಜಿ ಆಕಾಶವಾಣಿಯಲ್ಲಿ ನಿಮ್ಮ ಪಾಲೂ ಇದೆ. ಅಲ್ಲಿ ಕೊಂಕಣಿಗೆ ಸಿಗುವ ವೇಳೆಯಲ್ಲಿ ಒಂದು ನಿಮಿಷ ಕಡಿಮೆಯಾಗಲಿ ಎಂದು ನಾವು ಕೇಳಬಾರದು; ವರ್ಷಗಟ್ಟಲೆ ಕೊಂಕಣಿಯ ದನಿಯನ್ನು ಕಾಪಾಡಿದ ಕಾಡು ನಮ್ಮದು. ಆದರೆ ದುಡಿಯುವವರ ಆರೋಗ್ಯ, ಕೂಲಿ ಕಾನೂನು, ಮಳೆ ಎಚ್ಚರಿಕೆ, ಮಕ್ಕಳ ಶಾಲೆ, ಇಂಥ ಸುದ್ದಿ ದುಡಿಯುವವರ ಭಾಷೆಯಲ್ಲಿ ಸಿಗಲಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೇಂದ್ರದ ನಿರ್ದೇಶಕರಿಗೆ ಸಹಿ ಹಾಕಿದ ಪತ್ರ ಬರೆಯಿರಿ, ಒಂದಲ್ಲ, ಓಣಿಗೊಂದು. ಪ್ರಸಾರಕ್ಕೆ ವರ್ಷಕ್ಕೆ ಎಷ್ಟು ಹಣ ಬಂತು, ಎಷ್ಟು ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿಯ ಶುಲ್ಕ 10 ರೂಪಾಯಿ. 1927ರಲ್ಲಿ ರೇಡಿಯೊ ಲೈಸೆನ್ಸಿಗೆ ಇದ್ದದ್ದೂ ಅಷ್ಟೇ.